ಬೆನ್ನ ಹಿಂದಿನ ಪಾಠ

ಉಪನ್ಯಾಸಕರು ವಿದ್ಯಾರ್ಥಿಗಳ ಬೆನ್ನ ಹಿಂದೆ ನಿಂತು ಪಾಠ ಮಾಡತಕ್ಕದ್ದು ಎಂಬ ನಿಯಮ ಬಾಳೂರಿನ ಮಲೆಸಿರಿ ಪದವಿ ಕಾಲೇಜಿನಲ್ಲಿ ಇಂದಿಗೂ ಜಾರಿಯಲ್ಲಿದೆ. ಇದರಿಂದ ಶಿಕ್ಷಣದ ಗುಣಮಟ್ಟ ಏರಿದೆಯೆಂದು ಆಡಳಿತ ಮಂಡಳಿ ಹೇಳುತ್ತದೆ. ಹೇಳಿದ್ದು ಮಂಡಳಿಯೇ ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ಈ ನಿಯಮಕ್ಕೆ ಕಾರಣರಾದವರು ಇತಿಹಾಸದ ಶಬನಂ ಮೇಡಂ. ಅವರಿಗೊಂದು ಹಳೆಯ ಚಟವಿತ್ತು, ಮಕ್ಕಳ ಮುಖ ನೋಡಿ ಪಾಠ ಮಾಡುವುದು. ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಬಿಡಿಸಿ ಹೇಳಬೇಕು, ಆಕಳಿಸಿದರೆ ನಡುವೆ ಒಂದು ಕಥೆ ಸೇರಿಸಬೇಕು. ಅವರ ಬೋಧನಾಶಾಸ್ತ್ರವೆಲ್ಲ ಇಷ್ಟೇ. ಕಾಲೇಜಿಗೆ ವೈಫೈ ಬಂತು, ಪ್ರತಿಯೊಬ್ಬರ ಮುಂದೆ ಮಂಡಳಿ ಕೊಡಿಸಿದ ಲ್ಯಾಪ್‌ಟಾಪ್ ತೆರೆದುಕೊಂಡಿತು, ಮುಖಗಳೆಲ್ಲ ಮುಚ್ಚಳದ ಮರೆಗೆ ಹೋದವು. ಮೇಡಂ ಬ್ರಿಟಿಷರ ಕಾಲದ ಬರಗಾಲದ ಸಾವುಗಳ ಬಗ್ಗೆ ಹೇಳುತ್ತಿದ್ದಾಗ ಕೊನೆಯ ಬೆಂಚು "ಸಿಕ್ಸರ್!" ಎಂದು ಕೂಗಿತು. ಅವರಿಗೆ ನಿಜಕ್ಕೂ ಸಂಕಟವಾಯಿತು. ಪಾಠದ ಹೊತ್ತಿನಲ್ಲಾದರೂ ಲ್ಯಾಪ್‌ಟಾಪ್ ಮುಚ್ಚಿಸಿ ಎಂದು ಮಂಡಳಿಯನ್ನು ಬೇಡಿಕೊಂಡರು.

ಅಧ್ಯಕ್ಷ ಪರಮೇಶ್ವರಪ್ಪನವರು ಕಾಫಿ ತೋಟದ ಧಣಿಗಳು. ಅವರು ನಕ್ಕುಬಿಟ್ಟರು.

"ಮುಚ್ಚಿಡೋಕೆ ಕೊಡಿಸಿದ್ವಾ ಮೇಡಂ? ನಮ್ಮ ತೋಟದಲ್ಲಿ ಕೊಯ್ಲಿನ ಹೊತ್ತಿಗೆ ಮೇಸ್ತ್ರಿ ಎಲ್ಲಿರ್ತಾನೆ ಹೇಳಿ? ಆಳುಗಳ ಎದುರು ನಿಂತು ಹಲ್ಲು ಕಿರೀತಾನಾ? ಹಿಂದೆ ಇರ್ತಾನೆ. ಯಾರು ಗಿಡದಲ್ಲಿ ಹಣ್ಣು ಬಿಟ್ಟು ಹೋದ್ರು ಅಂತ ಹಿಂದಿಂದಲೇ ಗೊತ್ತಾಗೋದು. ನೀವೂ ಹಿಂದೆ ಹೋಗಿ."

ಮೇಡಂ ಹಿಂದೆ ಹೋದರು. ಪರದೆಗಳೆಲ್ಲ ಕಂಡವು, ಮುಖ ಒಂದೂ ಕಾಣಲಿಲ್ಲ. ಆದರೆ ನಮ್ಮ ಕಡೆಯ ಮಕ್ಕಳು ಮರ್ಯಾದಸ್ಥರು. ಗುರುಗಳಿಗೆ ಬೆನ್ನು ತೋರಿಸುವುದು ಹೇಗೆಂದು ಬೆಂಚು ಸಮೇತ ತಿರುಗಿ ಕೂತರು. ಲ್ಯಾಪ್‌ಟಾಪೂ ತಿರುಗಿತು. ಮೇಡಂ ಎದುರಿಗೆ ಮತ್ತೆ ಮುಚ್ಚಳಗಳ ಸಾಲು. ಕೂಡಲೇ ಸುತ್ತೋಲೆ ಹೊರಟಿತು:

"ಪಾಠದ ಅವಧಿಯಲ್ಲಿ ಹಿಂದಿರುಗಿ ನೋಡುವುದನ್ನು ಅಶಿಸ್ತೆಂದು ಪರಿಗಣಿಸಿ ಆ ದಿನದ ಹಾಜರಿಯನ್ನು ರದ್ದುಪಡಿಸಲಾಗುವುದು. ಗೌರವ ಸಲ್ಲಿಸಲಿಚ್ಛಿಸುವವರ ಅನುಕೂಲಕ್ಕಾಗಿ ತರಗತಿಯ ಮುಂಭಾಗದಲ್ಲಿ ವೈರ್‌ಲೆಸ್ ಸ್ಪೀಕರನ್ನು ಇರಿಸಲಾಗಿದೆ."

ಮೇಡಂ ಕೊರಳಿಗೆ ಮೈಕು ಬಂತು. ಮರುವರ್ಷ ಸೇರಿದ ಮಕ್ಕಳು ಅವರ ದನಿ ಬಲ್ಲರು, ಮುಖ ಅರಿಯರು. ಬೆಳಿಗ್ಗೆ ಎದ್ದು ನಿಂತು ಸ್ಪೀಕರಿಗೆ "ನಮಸ್ತೆ ಮೇಡಂ" ಎನ್ನುತ್ತಾರೆ. ಒಮ್ಮೆ ಕಳಸದ ಬಸ್ಸಿನಲ್ಲಿ ಹುಡುಗನೊಬ್ಬ "ಸ್ವಲ್ಪ ಸರೀರಿ ಆಂಟಿ" ಎಂದ. ಮೇಡಂ ಸರಿದರು. ಅವನು ಇಳಿಯುವಾಗ ತಲೆಯ ಹಿಂದಿನ ಎರಡು ಸುಳಿ ಕಂಡು, ಇವನು ನಮ್ಮ ವಿವೇಕನಲ್ಲವೇ ಎಂದುಕೊಂಡರು.

ಮತ್ತೆ ಬರಗಾಲದ ಪಾಠ ಬಂತು. ಊರೆಲ್ಲ ಹಸಿದಿದ್ದಾಗಲೂ ಅಕ್ಕಿ ಮೂಟೆಗಳು ರೈಲಿನಲ್ಲಿ ಬಂದರಿಗೆ ಹೋಗುತ್ತಿದ್ದವು ಎಂದು ಮೇಡಂ ಹೇಳುತ್ತಿದ್ದಂತೆ ಎರಡನೇ ಬೆಂಚಿನ ಅಫ್ರೀನ್ ಲ್ಯಾಪ್‌ಟಾಪ್ ಮುಚ್ಚಿ ಸರಕ್ಕನೆ ಹಿಂದಕ್ಕೆ ತಿರುಗಿದಳು. ಹುಬ್ಬು ಗಂಟಿಕ್ಕಿತ್ತು.

"ಅಕ್ಕಿ ಇತ್ತಲ್ಲ ಮೇಡಂ? ಮತ್ತೆ ಜನ ಯಾಕೆ ಸತ್ರು?"

ಮೇಡಂ ಎದೆ ತುಂಬಿ ಬಂತು. ಎಷ್ಟು ಕಾಲವಾಗಿತ್ತು ಒಂದು ಮುಖ ಕಂಡು! ಹತ್ತಿರ ಹೋಗಿ ಪಕ್ಕದಲ್ಲೇ ಕೂತು ಹೇಳಬೇಕೆನಿಸಿತು. ಅಷ್ಟರಲ್ಲಿ ಬಾಗಿಲ ಬಳಿ ಪ್ರಾಂಶುಪಾಲ ವೆಂಕಟರಾಮ ಕಾಣಿಸಿಕೊಂಡರು. ಮಳೆಗಾಲದಲ್ಲಿ ಬಸ್ಸು ತಪ್ಪಿ ತಪ್ಪಿ ಅಫ್ರೀನಳ ಹಾಜರಿ ಅಂಚಿಗೆ ಬಂದಿತ್ತು. ಇನ್ನೊಂದು ದಿನ ಹೋದರೆ ಪರೀಕ್ಷೆಗೆ ಕೂರುವಂತಿರಲಿಲ್ಲ.

"ಮುಂದೆ ನೋಡಮ್ಮ" ಎಂದರು ಮೇಡಂ. "ಸ್ಪೀಕರನ್ನ ಕೇಳು."

ಅಫ್ರೀನ್ ಮುಂದಕ್ಕೆ ತಿರುಗಿ ಸ್ಪೀಕರನ್ನು ಕೇಳಿದಳು. ಸ್ಪೀಕರ್ ಹೇಳಿತು: "ಅಕ್ಕಿ ಇತ್ತಮ್ಮ. ಹೊರಗೆ ಕಳಿಸಬೇಕು ಅಂತ ನಿಯಮಾನೂ ಇತ್ತು. ಎಲ್ಲರೂ ನಿಯಮ ಪಾಲಿಸಿದ್ರು."

ಕೊನೆಯ ಮಾತಿಗೆ ಸ್ಪೀಕರಿನ ದನಿ ಕುಗ್ಗಿತು. ಚಾರ್ಜು ಕಡಿಮೆಯಾಗಿರಬೇಕೆಂದು ಪ್ರಾಂಶುಪಾಲರು ಅಟೆಂಡರಿಗೆ ಹೇಳಿ ಹೋದರು.

ವಾರ್ಷಿಕೋತ್ಸವದಲ್ಲಿ ಉತ್ತಮ ಬೋಧನೆಗಾಗಿ ಸ್ಪೀಕರಿಗೆ ಶಾಲು ಹೊದಿಸಲಾಯಿತು. ಹಾರ ಹಾಕಿದವಳು ಅಫ್ರೀನ್. ಸಭಾಂಗಣದ ಹಿಂದೆ ನಿಂತಿದ್ದ ಶಬನಂ ಮೇಡಂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಿಯಮದಂತೆ ಯಾರೂ ತಿರುಗಿ ನೋಡಲಿಲ್ಲ.