ತಲೆ ಅಲುಗಿದ ಮೇಲೆ ಬ್ಯಾಟು

ನಲವತ್ತು ದಾಟಿದ್ದರೂ ನಾನು ಅಪ್ರತಿಮ ಫೀಲ್ಡರ್ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದ್ದರಿಂದಲೇ ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಭಾನುವಾರದ ಕ್ರಿಕೆಟ್ಟಿನಲ್ಲಿ, ಮೇಲೆ ಹಾರಿದ ಚೆಂಡಿಗೆ ‘ನಂದು’ ಎಂದು ಕೂಗಿ ಓಡಿದೆ. ನಮ್ಮ ಕ್ಯಾಪ್ಟನ್ ಪ್ರಕಾಶನೂ ‘ನಂದು’ ಎಂದು ಓಡಿಬಂದ. ತಲೆಗೆ ತಲೆ ಡಿಕ್ಕಿ. ಚೆಂಡು ನೆಮ್ಮದಿಯಾಗಿ ನೆಲಕ್ಕೆ ಬಿತ್ತು.

ಪ್ರಕಾಶನಿಗೆ ಹಣೆ ಊದಿ ಬೋರೆ ಬಂತು, ಅಷ್ಟೆ. ನನ್ನ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ರಕ್ತಸ್ರಾವವಿಲ್ಲ, ಆದರೆ ಮಿದುಳು ಅಲುಗಿದೆ ಎಂದರು. ಮೊದಲು ವಿಶ್ರಾಂತಿ, ಆಮೇಲೆ ನಡಿಗೆ, ನಂತರ ಓಟ, ಅಭ್ಯಾಸ. ಡಾಕ್ಟರಮ್ಮ ಒಪ್ಪಿದ ಮೇಲಷ್ಟೇ ಪಂದ್ಯ. ನಡುವೆ ತಲೆನೋವು ಬಂದರೆ ಒಂದು ಹಂತ ಹಿಂದಕ್ಕೆ.

“ಕೈ ಮುರಿದ್ರೆ ಪ್ಲಾಸ್ಟರ್ ಕಾಣ್ಸುತ್ತೆ, ಇದು ಕಾಣ್ಸಲ್ಲ. ಅದಕ್ಕೇ ಜನ ವಾಸಿಯಾಯ್ತು ಅಂದ್ಕೊಂಡ್ಬಿಡ್ತಾರೆ” ಎಂದು ಎಚ್ಚರಿಸಿದರು.

ನಾನೂ ಅಂದುಕೊಂಡುಬಿಟ್ಟೆ. ಮುಂದಿನ ಭಾನುವಾರವೇ ಹೆಂಡತಿ ಶೈಲಾಳಿಗೆ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೇಳಿ ಮೈದಾನ ಸೇರಿದೆ. ಡಾಕ್ಟರು ಒಪ್ಪಿದರೇ ಎಂದು ಪ್ರಕಾಶ ಕೇಳಿದ. ನಾನು ತಲೆಯಾಡಿಸಿದೆ. ಮೈದಾನವೂ ನನ್ನ ಜೊತೆ ತಲೆಯಾಡಿಸಿತು.

ಬ್ಯಾಟಿಗೆ ಚೆಂಡು ತಾಗಿತು. ಓಡಿದೆ. ಬಿರುಗಾಳಿಯಂತೆ ಓಡಿದೆ. ಎದುರಿನ ವಿಕೆಟ್ಟಿಗಲ್ಲ, ನೀರಿನ ಟ್ಯಾಂಕಿನ ಕಡೆಗೆ. ಅಲ್ಲಿ ವಾಂತಿ ಮಾಡಿಕೊಂಡು, ಎದುರಾಳಿ ತಂಡದವನನ್ನು ನಮ್ಮ ತಂಡ ಯಾವುದೆಂದು ಕೇಳಿದೆನಂತೆ. ಪ್ರಕಾಶ ಶೈಲಾಗೆ ಫೋನ್ ಮಾಡಿದ. ಅವಳು ಬಂದು ಒಂದು ಮಾತೂ ಬೈಯಲಿಲ್ಲ. ಆಸ್ಪತ್ರೆ ತಲುಪುವವರೆಗೆ ನನ್ನ ತೋಳು ಬಿಡಲೂ ಇಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಹೆಚ್ಚಿನ ಅಪಾಯವಾಗಿರಲಿಲ್ಲ. ಮತ್ತೆ ಮೊದಲ ಹಂತ. ಪರದೆ ಎಳೆದ ಕೋಣೆಯಲ್ಲಿ ಮೊಬೈಲೂ ಇಲ್ಲದೆ ಮಲಗಿದಾಗಲೇ ನನಗೆ ನನ್ನ ಮಿದುಳಿನ ಪರಿಚಯವಾದದ್ದು. ಅದು ಇರುವುದು ಆಫೀಸಿನ ಮೀಟಿಂಗಿಗಾಗಿ ಎಂದುಕೊಂಡಿದ್ದೆ. ಲೋಟವನ್ನು ಚೆಲ್ಲದೆ ತುಟಿಗೆ ತರುವುದು, ಕುಕ್ಕರ್ ಕೂಗಿನ ನಡುವೆ ಶೈಲಾಳ ದನಿ ಹೆಕ್ಕುವುದು, ನನ್ನನ್ನು ನೆಟ್ಟಗೆ ನಿಲ್ಲಿಸುವುದು, ಎಲ್ಲ ಅದರದೇ ಕೆಲಸವಂತೆ. ಇಷ್ಟು ವರ್ಷ ಒಂದು ದಿನವೂ ರಜೆ ಕೇಳಿರಲಿಲ್ಲ ಪಾಪ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಕೆರೆಯ ದಂಡೆಯಲ್ಲಿ ನಡೆಯುವಾಗ ಕೊಕ್ಕರೆಯೊಂದು ನೀರಿನ ಮೇಲೆ ಈ ಕಡೆಯಿಂದ ಆ ಕಡೆಗೆ ಹಾರಿತು. ನನ್ನ ಕಣ್ಣು ಅದರ ಹಿಂದೆಯೇ ಹೋಯಿತು. ತಲೆ ತಿರುಗಲಿಲ್ಲ. ನಾನು ಬಾಯಿಬಿಟ್ಟುಕೊಂಡು ನಿಂತೇ ಬಿಟ್ಟೆ. ಏನಾಯಿತೆಂದು ಶೈಲಾ ಗಾಬರಿಯಾದಳು. ಏನೂ ಆಗಲಿಲ್ಲ, ಅದೇ ಆಶ್ಚರ್ಯ ಎಂದೆ.

ಕೊನೆಗೆ ಡಾಕ್ಟರಮ್ಮ ಒಪ್ಪಿದರು. ಈ ಸಲ ಶೈಲಾಳ ಸಮ್ಮುಖದಲ್ಲೇ ಬ್ಯಾಟು ಹಿಡಿದೆ. ಮೊದಲ ಚೆಂಡಿಗೇ ಬೌಲ್ಡ್. ತಲೆ ಇನ್ನೂ ಪೂರ್ತಿ ಸರಿಹೋಗಿಲ್ಲವೇನೋ ಎಂದು ಅವಳ ಬಳಿ ಆತಂಕ ತೋಡಿಕೊಂಡೆ.

“ತಲೆ ಸರಿಯಾಗೇ ಇದೆ ರೀ” ಎಂದಳು. “ಮೊದ್ಲೂ ನೀವು ಹೀಗೇ ಆಡ್ತಿದ್ರಿ.”