ಒಂಬತ್ತು ನಿಮಿಷದ ಕಂಪ್ಯೂಟರ್

ಭಾನುವಾರ ಬೆಳಿಗ್ಗೆ ಸೆನೊನ್ ಲಾರುತಾ ನೆಲದ ಮೇಲೆ ಕೂತು, ಬಣ್ಣ ಬಳಿಯುವ ಸಣ್ಣ ಬ್ರಷ್ಷಿನಿಂದ ತನ್ನ ಕಂಪ್ಯೂಟರಿನ ಫ್ಯಾನಿಗೆ ಹಿಡಿದ ಧೂಳು ತೆಗೆಯುತ್ತಿದ್ದ. ಎಲ್ ಆಲ್ತೊ ಊರಿನ ಧೂಳು ಕರೆಯದೆ ಬರುವ ನೆಂಟರ ಹಾಗೆ, ಬಾಗಿಲು ಹಾಕಿದರೂ ಒಳಗೆ ಬಂದು ಕೂತಿರುತ್ತದೆ. ಫ್ಯಾನಿನ ಒಂದೊಂದೇ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸುತ್ತ, ಗುಡಿಸುತ್ತ, ಊದುತ್ತ ಅರ್ಧ ಗಂಟೆಯಿಂದ ಅವನು ಅದರಲ್ಲೇ ಮುಳುಗಿದ್ದ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನೆಯೊಡತಿ ದೋನ್ಯಾ ಬಸೀಲಿಯಾಗೆ ಮೌನ ಸಹಿಸಿ ಅಭ್ಯಾಸವಿರಲಿಲ್ಲ.

"ಏನಪ್ಪಾ, ಅದಕ್ಕೆ ತಲೆ ಬಾಚಿ ಹೆಣ್ಣು ನೋಡೋಕೆ ಕರ್ಕೊಂಡು ಹೋಗ್ತೀಯಾ?"

"ತುಂಬಾ ನಿಧಾನ ಆಗಿದೆ ಅಮ್ಮಾ. ಇವತ್ತು ಸಾಯಂಕಾಲ ಐದರೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ನನ್ನ ಕೈಬಿಡ್ತಾರೆ."

"ಯಾರು?"

ಸೆನೊನನ ಕಿವಿ ಕೆಂಪಗಾಯಿತು.

ಯಾರು ಅನ್ನುವುದು ಬಸೀಲಿಯಾಗಷ್ಟೇ ಅಲ್ಲ, ಇಡೀ ಬೀದಿಗೇ ಗೊತ್ತಿತ್ತು. ಎರ್ಲಿಂದಾ. ಮೂರು ವರ್ಷ ಇಬ್ಬರೂ ಒಂದೇ ಹೊಲಿಗೆ ಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತು ಹೊಲಿದವರು. ಅವಳ ಯಂತ್ರ ನಿಂತರೆ ಇವನ ಕಾಲೂ ನಿಲ್ಲುತ್ತಿತ್ತು. ಎರಡು ವರ್ಷದ ಹಿಂದೆ ಅವಳು ಗಡಿಯಾಚೆ ಸಾವೊ ಪಾವ್ಲೊ ನಗರದ ಹೊಲಿಗೆ ಮನೆಯೊಂದಕ್ಕೆ ಹೋದಳು. ಇವನು ಹೇಳಬೇಕಾದ್ದನ್ನು ಹೇಳದೆ, ಬಸ್ಸು ಮರೆಯಾಗುವವರೆಗೂ ಕೈಬೀಸಿ, ಮಿನಿಬಸ್ ಸೀಟಿಗೆ ರೆಕ್ಸಿನ್ ಹೊಲಿಯುವ ಕೆಲಸಕ್ಕೆ ಸೇರಿದ.

ಎರ್ಲಿಂದಾಗೆ ರಜೆ ಭಾನುವಾರ ಮಾತ್ರ. ಅವತ್ತು ಅವಳೂ ಜೊತೆಯ ಮೂವರು ಹುಡುಗಿಯರೂ ಅಲ್ಲಿನ ಕಂಪ್ಯೂಟರ್ ಅಂಗಡಿಗೆ ಹೋಗಿ, ಐದು ಜನ ಸೇರಿ ಕೋಟೆ ಹಿಡಿಯುವ ಆಟ ಆಡುತ್ತಾರೆ. ಐದನೆಯವನು ಸೆನೊನ್. ಒಂದಾಟ ಮುಗಿದರೆ ಅವರು ಏಳಬೇಕು; ಅಂಗಡಿಯ ಹೊರಗೆ ಸಾಲು ನಿಂತಿರುತ್ತದೆ.

ತೊಂದರೆ ಇಷ್ಟೇ. ಹುಡುಗಿಯರ ಪರದೆಯಲ್ಲಿ ಆಟ ರೆಪ್ಪೆ ಬಡಿಯುವಷ್ಟರಲ್ಲಿ ತೆರೆಯುತ್ತಿತ್ತು. ಸೆನೊನನದು ತೆರೆಯಲು ಒಂಬತ್ತು ನಿಮಿಷ. ಅಲ್ಲಿಯವರೆಗೆ ನಾಲ್ವರೂ ಕಾಯಬೇಕು. ಮೂವರು ಬೈಯುತ್ತಿದ್ದರು. ಎರ್ಲಿಂದಾ ಮಾತ್ರ ಬೇರೆ ಕೆಲಸವಿಲ್ಲದೆ ಹೆಡ್‌ಫೋನಿನಲ್ಲಿ ಏನಾದರೂ ಹೇಳುತ್ತಿದ್ದಳು. ಈ ವಾರ ಬರೀ ಹಳದಿ ನೂಲು, ಕನಸೂ ಹಳದಿ. ಇಲ್ಲಿಯ ಆಲೂಗೆಡ್ಡೆಗೆ ರುಚಿಯೇ ಇಲ್ಲ. ಮೇಸ್ತ್ರಿ ಸೀನಿದ, ಮೂರು ಸೂಜಿ ಮುರಿದವು. ಸೆನೊನ್ "ಹೂಂ" ಅನ್ನುತ್ತ ಕಂಪ್ಯೂಟರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದ. ಹೋದ ವಾರ ಹುಡುಗಿಯರು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಇನ್ನೊಂದು ಸಲ ಹೀಗೆ ಕಾಯಿಸಿದರೆ ಬೇರೆ ಐದನೆಯವನನ್ನು ಹುಡುಕುತ್ತೇವೆ.

"ಗುಡಿಸಿದ್ರೆ ಈ ಮುದಿ ಕಂಪ್ಯೂಟರ್ ಓಡ್ತದೇನೋ?" ಎಂದು ಬಸೀಲಿಯಾ ಅಂಗಳಕ್ಕೆ ಬಗ್ಗಿ ಕೂಗಿದಳು. ಅಲ್ಲಿ ತನ್ನ ಮಿನಿಬಸ್ ತೊಳೆಯುತ್ತಿದ್ದ ಚಾಲಕ ದೋನ್ ಪೊಲಿಕಾರ್ಪೊ ಒದ್ದೆ ಕೈಯಲ್ಲೇ ಬಂದು, ಕಂಪ್ಯೂಟರಿನ ಬೆನ್ನು ತಟ್ಟಿ ಕಿವಿಗೊಟ್ಟು ಕೇಳಿದ.

"ಎಂಜಿನ್ ಚಿಕ್ಕದು ಕಣೋ. ದೊಡ್ಡದು ಹಾಕು. ದುಡ್ಡು ಸುರಿದಷ್ಟೂ ಗಾಡಿ ಓಡುತ್ತೆ."

"ಸುರಿಯೋಕೆ ಎಲ್ಲಿದೆ ಅಣ್ಣಾ?"

"ಧರ್ಮತಾಯಿ ಇಲ್ಲದ ಅನಾಥನೇನೋ ನೀನು?" ಎಂದಳು ಬಸೀಲಿಯಾ.

ಎಲ್ ಆಲ್ತೊದಲ್ಲಿ ಮಗುವಿಗಷ್ಟೇ ಅಲ್ಲ, ಮದುವೆಯ ಕೇಕಿಗೆ, ಹೊಸ ಮಿನಿಬಸ್ಸಿಗೆ, ಮನೆಯ ತಗಡಿಗೂ ಧರ್ಮತಾಯಿ, ಧರ್ಮತಂದೆ ಇರುತ್ತಾರೆ. ಖರ್ಚು ಅವರದು, ಮುಂದೆ ಕೂತು ನೋಡುವ ಹಕ್ಕೂ ಅವರದು. ಹತ್ತು ನಿಮಿಷದಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬಸೀಲಿಯಾ ಧರ್ಮತಾಯಿಯಾದಳು, ಪವರ್ ಸಪ್ಲೈಗೆ ಪೊಲಿಕಾರ್ಪೊ ಧರ್ಮತಂದೆಯಾದ. ಗದ್ದಲ ಕೇಳಿ ಬಂದ ಎದುರುಮನೆಯ ಬ್ರೆಡ್ಡು ಮಾರುವ ದಂಪತಿ, ದೀಪ ಉರಿಯುವ ಫ್ಯಾನುಗಳನ್ನು ತಾವು ಕೊಡಿಸುವುದಾಗಿ ಹೇಳಿದರು.

"ಧರ್ಮತಂದೆ, ಧರ್ಮತಾಯಿ ಆದ್ವಲ್ಲ, ಇನ್ಮೇಲೆ ನಾವೆಲ್ಲ ಬೀಗರು!" ಎಂದು ಪೊಲಿಕಾರ್ಪೊ ಸೆನೊನನನ್ನು ತಬ್ಬಿಕೊಂಡ. ಹೆಣ್ಣು ಸಿಗುವ ಮೊದಲೇ ಬೀಗರು ಸಿಕ್ಕಿದ್ದು ಬಹುಶಃ ಸೆನೊನನಿಗೊಬ್ಬನಿಗೇ.

ಬಸೀಲಿಯಾ ಕಂಪ್ಯೂಟರನ್ನು ಪಟ್ಟೆಪಟ್ಟೆಯ ಹೊದಿಕೆಯಲ್ಲಿ ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡಳು. ಎಲ್ಲರೂ ಮಿನಿಬಸ್ ಹತ್ತಿ ಭಾನುವಾರದ ಸಂತೆಗೆ ಹೋದರು.

ಹಳೆಯ ಬಾಗಿಲು ಮಾರುವವನಿಗೂ ಕೋಳಿಮರಿ ಮಾರುವವಳಿಗೂ ನಡುವೆ ದೋನ್ಯಾ ತೊಮಾಸಾ ಏಳು ಸುತ್ತಿನ ಲಂಗ ಹರಡಿಕೊಂಡು, ತಲೆಯ ಮೇಲೆ ಗುಂಡು ಟೋಪಿ ಇಟ್ಟುಕೊಂಡು, ಕಂಪ್ಯೂಟರಿನ ಭಾಗಗಳನ್ನು ಮಾರುತ್ತಿದ್ದಳು. ಬಸೀಲಿಯಾ ಹೆಂಚಿನಷ್ಟು ದೊಡ್ಡ ಕಾರ್ಡು ಆರಿಸಿದಳು. ಅದನ್ನು ನೋಡಿ ಪೊಲಿಕಾರ್ಪೊಗೆ ತಾನು ಹಿಡಿದ ಪವರ್ ಸಪ್ಲೈ ಸಣ್ಣದೆನಿಸಿತು.

"ಇದಕ್ಕಿಂತ ದೊಡ್ಡದು ಕೊಡಮ್ಮಾ. ಅವಳ ಮುಂದೆ ನಾನು ತಲೆ ತಗ್ಗಿಸ್ಲಾ?"

ದೊಡ್ಡದು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಬ್ರೆಡ್ಡಿನ ದಂಪತಿ ಹೊಸ ಪೆಟ್ಟಿಗೆಯನ್ನೂ ಕೊಂಡರು. ಬಣ್ಣ ಯಾವುದು ಅನ್ನುವುದಕ್ಕೆ ಗಂಡಹೆಂಡಿರು ಜಗಳವಾಡುತ್ತಿರುವಾಗ ತೊಮಾಸಾ ಸೆನೊನನನ್ನು ಪಕ್ಕಕ್ಕೆ ಕರೆದಳು.

"ನೋಡು ರಾಜಾ, ಇವರು ಕೊಂಡಿದ್ದೆಲ್ಲ ಚಿತ್ರ ಚೆಂದ ಕಾಣೋಕೆ. ನಿಂದು ತೆರೆಯೋಕೆ ತಡ ಆಗೋದು ಈ ಹಳೇ ಡಿಸ್ಕಿನಿಂದ. ಗರಗರ ಅಂತ ಗೊರಕೆ ಹೊಡೀತದೆ, ಕೇಳಿಲ್ವಾ? ಈ ಹೊಸ ಡಿಸ್ಕು ಹಾಕ್ಕೋ." ಅವಳ ಅಂಗೈಯಲ್ಲಿ ಬಿಸ್ಕತ್ತಿನಷ್ಟು ತೆಳ್ಳನೆಯ ಚೂರಿತ್ತು.

ಸೆನೊನ್ ಬೀಗರ ಕಡೆ ನೋಡಿದ. ಬೀಗರು ಕೋಳಿಮರಿಗಳ ಕಡೆ ನೋಡಿದರು. ಅಷ್ಟು ಚಿಕ್ಕದಕ್ಕೆ ಧರ್ಮತಾಯಿಯಾದರೆ ಜನ ನಗುವುದಿಲ್ಲವೆ? ಕೊನೆಗೆ ಅವನೇ ತನ್ನ ಜೇಬಿಂದ ಅದನ್ನು ಕೊಂಡ. ಅವತ್ತಿನ ಸಾಮಾನಿನಲ್ಲೆಲ್ಲ ಅದೇ ಅಗ್ಗದ್ದು. ತೊಮಾಸಾ ಹಳೆಯ ಡಿಸ್ಕಿನಲ್ಲಿದ್ದದ್ದನ್ನು ಹೊಸದಕ್ಕೆ ಇಳಿಸಿ, ಹಳೆಯದನ್ನು ಗುಜರಿಯವನ ಗೋಣಿಗೆ ಎಸೆದಳು.

ಮನೆಗೆ ಬಂದಾಗ ನಾಲ್ಕೂವರೆ. ಸೆನೊನ್ ಬಟನ್ ಒತ್ತಲು ಕೈ ಚಾಚಿದ. ಬಸೀಲಿಯಾ ಕೈಗೆ ಹೊಡೆದಳು.

"ಭೂತಾಯಿಗೆ ಕೊಡದೆ ಹೊಸದನ್ನ ಮುಟ್ತೀಯಾ? ಬುದ್ಧಿ ಇದೆಯಾ?"

ಪೆಟ್ಟಿಗೆಗೆ ಬಣ್ಣದ ಕಾಗದದ ಸುರುಳಿ ಸುತ್ತಿದರು. ಅದರ ತಲೆಯ ಮೇಲೆ ಕಾಗದದ ಚೂರು ಎರಚಿದರು. ಪೊಲಿಕಾರ್ಪೊ ಹೊಸ ಮಿನಿಬಸ್ಸಿನ ನಾಲ್ಕು ಚಕ್ರಕ್ಕೆ ಎರೆಯುವ ಹಾಗೆ ನಾಲ್ಕು ಮೂಲೆಗೂ ಬಿಯರ್ ಚಿಮುಕಿಸಿದ.

"ಅಣ್ಣಾ, ಒಳಗೆ ಹೋಗುತ್ತೆ!"

"ಹೋಗ್ಲಿ ಬಿಡೋ, ಅದಕ್ಕೂ ಬಾಯಾರಿಕೆ ಇರಲ್ವಾ?"

ಸೆನೊನ್ ಪೆಟ್ಟಿಗೆಯನ್ನು ತಬ್ಬಿಕೊಂಡು ಕಾಪಾಡಿದ. ಉಳಿದ ಬಿಯರೆಲ್ಲ ಕೀಬೋರ್ಡಿನ ಮೇಲೆ ಬಿತ್ತು. ಒರೆಸಿ ಮುಗಿಸುವಷ್ಟರಲ್ಲಿ ಬೀಗರೂ ಬೀಗರ ನೆಂಟರೂ ಸೇರಿ ಹನ್ನೊಂದು ಜನ ಅವನ ಮಂಚ ಹತ್ತಿ ಕೂತಿದ್ದರು. ಎಲ್ಲರಿಗೂ ಕೇಳಲೆಂದು ಬ್ರೆಡ್ಡಿನವನು ಹೆಡ್‌ಫೋನ್ ಕಿತ್ತು, ಮೈಕನ್ನಷ್ಟೇ ಉಳಿಸಿ, ಹಬ್ಬಕ್ಕೆ ಹಚ್ಚುವ ದೊಡ್ಡ ಸ್ಪೀಕರ್ ಸಿಕ್ಕಿಸಿದ್ದ.

ಐದಕ್ಕೆ ಸರಿಯಾಗಿ ಸ್ಪೀಕರಿನಲ್ಲಿ ಎರ್ಲಿಂದಾಳ ಧ್ವನಿ ಬಂತು.

"ಸೆನೊನ್, ಇದ್ದೀಯಾ?"

"ಇದ್ದೀನಿ," ಎಂದು ಸೆನೊನ್ ಆಟ ತೆರೆಯಲು ಒತ್ತಿದ.

"ಇವತ್ತು ನಿನಗೊಂದು ಮಾತು ಹೇಳ್ಬೇಕು. ಹೇಗೆ ಹೇಳೋದು ಅಂತ ವಾರ ಪೂರ್ತಿ ಯೋಚ್ನೆ ಮಾಡ್ದೆ. ಹೇಗೂ ಒಂಬತ್ತು ನಿಮಿಷ ಇದೆಯಲ್ಲ, ಅಷ್ಟರಲ್ಲಿ..."

ಪರದೆ ಝಗ್ಗೆಂದಿತು. ಕೋಟೆ ಎದುರಿಗೇ ನಿಂತಿತ್ತು.

"ಅಯ್ಯೋ... ಬಂದೇಬಿಟ್ಯಾ?" ಎಂದಳು ಅವಳು. ಆ ಧ್ವನಿಯಲ್ಲಿ ಸಂತೋಷವನ್ನು ಸೆನೊನ್ ಹುಡುಕಿದ, ಸಿಗಲಿಲ್ಲ.

"ಎಂಟೇ ಸೆಕೆಂಡು! ಹೊರಡ್ರೇ, ಹೊರಡ್ರೇ!" ಎಂದು ಹುಡುಗಿಯರು ಕಿರುಚಿದರು.

"ಆಮೇಲೆ ಹೇಳ್ತೀನಿ," ಎಂದಳು ಎರ್ಲಿಂದಾ.

ಸೆನೊನನಿಗೆ ಈಗ ಬೇಕಾಗಿದ್ದದ್ದು ನಿಧಾನ. ಆದರೆ ಕೀಬೋರ್ಡಿನಲ್ಲಿ ಮುಂದಕ್ಕೆ ಹೋಗುವ ಕೀಲಿ ಬಿಯರಿಗೆ ಅಂಟಿ ಒಳಗೇ ಕೂತುಬಿಟ್ಟಿತ್ತು. ಅವನ ಸೈನಿಕ ಹಗ್ಗ ಬಿಚ್ಚಿದ ಕತ್ತೆಯ ಹಾಗೆ ಸೇತುವೆ ದಾಟಿದ, ಕಂದಕ ಹಾರಿದ, ಕಾವಲುಗಾರರ ನಡುವೆ ನುಗ್ಗಿದ. "ನಿಲ್ಲೋ, ನಿಲ್ಲೋ!" ಎಂದು ಸೆನೊನ್ ಉಗುರಿನಿಂದ ಕೀಲಿ ಕೀಳುತ್ತಿದ್ದರೆ, ಮಂಚದ ಮೇಲಿನ ಹನ್ನೊಂದು ಜನ "ಹೊಡಿ, ಹೊಡಿ!" ಎಂದು ಕೂಗುತ್ತಿದ್ದರು. ಯಾವಾಗಲೂ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಕೋಟೆ ಅವತ್ತು ಆರು ನಿಮಿಷಕ್ಕೆ ಬಿತ್ತು.

"ಇನ್ಮೇಲೆ ನೀನೇ ನಮ್ಮ ಐದನೆಯವನು, ಖಾಯಂ!" ಎಂದಿತು ಹುಡುಗಿಯರ ಗುಂಪು. "ಪ್ರತಿ ವಾರ ಹೀಗೇ ಬೇಗ ಮುಗಿಸು. ಏಳ್ರೇ, ಹೊರಗೆ ಕಾಯ್ತಿದ್ದಾರೆ."

"ಸೆನೊನ್, ನಾನು..."

ಕುರ್ಚಿ ಎಳೆದ ಸದ್ದು. ಆಮೇಲೆ ಏನೂ ಇಲ್ಲ.

"ನೋಡಿದ್ಯಾ?" ಎಂದು ಪೊಲಿಕಾರ್ಪೊ ಮೀಸೆ ಒರೆಸಿಕೊಂಡ. "ದುಡ್ಡು ಸುರಿದಷ್ಟೂ ಓಡುತ್ತೆ."

"ಎಲ್ಲಾ ನನ್ನ ಕಾರ್ಡಿನ ಮಹಿಮೆ," ಎಂದಳು ಬಸೀಲಿಯಾ.

"ಅಲ್ಲ, ಆ ಹುಡುಗಿ ಏನೋ ಹೇಳ್ತಿದ್ಲಲ್ಲ?" ಎಂದು ಬ್ರೆಡ್ಡಿನವನ ಹೆಂಡತಿ ಕೇಳಿದಳು.

ಪರದೆಯ ಮೂಲೆಯಲ್ಲಿ ಎರ್ಲಿಂದಾಳ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿತ್ತು. ಹೊಸ ಫ್ಯಾನುಗಳು ಸದ್ದೇ ಇಲ್ಲದೆ ಕೆಂಪು, ನೀಲಿ, ಹಳದಿಯಾಗಿ ತಿರುಗುತ್ತಿದ್ದವು. ಹನ್ನೊಂದು ಜನವೂ ಸ್ಪೀಕರಿನ ಕಡೆ ನೋಡಿದರು. ಸೆನೊನ್ ಮೈಕಿನ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದ:

"ಎರ್ಲಿಂದಾ, ಆ ಮಾತು ಹೇಳಿ ಹೋಗು."