ಮಾವನ ಮನೆಯ ಹರಪ್ಪದ ಎತ್ತು

ನಮ್ಮ ಸೋದರಮಾವನ ಹತ್ತಿರದ ನೆಂಟರೆಲ್ಲ ಇರುವುದು ಮೊಹೆಂಜೊದಾರೊದಲ್ಲಿ. ನಾವೆಲ್ಲ ದೂರದ ಸಂಬಂಧಿಕರು! ಬನಹಟ್ಟಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿರುವ ಈ ಮನುಷ್ಯ, ಬಣ್ಣ ಹೋಗುತ್ತದೆಯೇ ಎಂದು ಗಿರಾಕಿ ಕೇಳಿದರೆ, ಹತ್ತಿ ಬಟ್ಟೆಗೆ ಸಿಂಧೂ ಕಣಿವೆಯವರು ಬಣ್ಣ ಹಾಕುತ್ತಿದ್ದ ಕಥೆ ಶುರು ಮಾಡುತ್ತಾನೆ. ಬಣ್ಣ ಹೋಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ, ಗಿರಾಕಿ ಮಾತ್ರ ಹೋಗುತ್ತಾಳೆ.

ಒಮ್ಮೆ ಮನೆ ಮುಂದಿನ ಗಟಾರ ತುಂಬಿ ಹರಿಯಿತು. ನಗರಸಭೆಗೆ ದೂರು ಕೊಡಲು ಹೋದವನು, ಐದು ಸಾವಿರ ವರ್ಷದ ಹಿಂದೆಯೇ ಮೊಹೆಂಜೊದಾರೊದಲ್ಲಿ ಗಟಾರ ಮುಚ್ಚಿ ಕಟ್ಟಿದ್ದರೆಂದು ಅರ್ಧ ತಾಸು ಹೇಳಿದ. ಅಲ್ಲಿಯ ಗುಮಾಸ್ತ ಸಮಾಧಾನದಿಂದ ಕೇಳಿ, “ಹಂಗಾದ್ರ ಅರ್ಜಿ ಅಲ್ಲೇ ಕೊಡ್ರಿ, ಕಾಕಾ” ಅಂದನಂತೆ.

ಮುಧೋಳದ ಮದುವೆಯೊಂದರಲ್ಲಿ ಎಲೆಗೆ ಗೋಧಿ ಹುಗ್ಗಿ ಬಿದ್ದದ್ದೇ ತಡ, ಮಾವನಿಗೆ ಮೆಸೊಪೊಟೇಮಿಯಾ ನೆನಪಾಯಿತು. ಎರಡು ನದಿಗಳ ನಡುವೆ ಗೋಧಿ ಬೆಳೆದವರಲ್ಲವೇ ಅವರು? “ಅಲ್ಲಿ ಟೈಗ್ರಿಸ್, ಯುಫ್ರೆಟಿಸ್. ಇಲ್ಲಿ ಕೃಷ್ಣಾ, ಘಟಪ್ರಭಾ. ಹಂಗ ನೋಡಿದ್ರ ಅವರೂ ನಾವೂ...” ಎನ್ನುವಷ್ಟರಲ್ಲಿ ಅರ್ಧ ಪಂಕ್ತಿ ಕೈತೊಳೆಯಲು ಎದ್ದಿತ್ತು.

“ಮೊದಲ ಉಣ್ರಿ. ನಾಗರಿಕತಿ ಎಲ್ಲೂ ಓಡಿ ಹೋಗೂದಿಲ್ಲ” ಎಂದಳು ಅತ್ತೆ.

ಹೋದ ವರ್ಷ ಅಡುಗೆಮನೆಗೆ ಹೊಸ ಕಟ್ಟೆ ಹಾಕಿಸಲು ಹಳೆಯ ಒಲೆ ಒಡೆಸಿದರು. ಅದರ ಹಿಂದಿನ ಗೂಡಿನಲ್ಲಿ ಪುಟ್ಟದೊಂದು ಮಣ್ಣಿನ ಎತ್ತು ಸಿಕ್ಕಿತು. ಉಬ್ಬಿದ ಡುಬ್ಬ, ಸುಟ್ಟು ಕಪ್ಪಾದ ಮೈ. ಮಾವನ ಪುಸ್ತಕದಲ್ಲಿದ್ದ ಹರಪ್ಪದ ಎತ್ತಿಗೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ! ಹರಪ್ಪದವರು ಬನಹಟ್ಟಿಗೆ ಬಂದಿದ್ದರೆಂದು ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿಯಾಯಿತು. ಜಮಖಂಡಿಯಿಂದ ಇತಿಹಾಸದ ಪ್ರಾಧ್ಯಾಪಕರೊಬ್ಬರು ಮರುದಿನ ನೋಡಲು ಬರುವುದೆಂದಾಯಿತು. ಇಷ್ಟು ವರ್ಷ ನಕ್ಕವರ ಬಾಯಿ ನಾಳೆ ಮುಚ್ಚುತ್ತದೆಂದು ಮಾವ ಇಸ್ತ್ರಿ ಅಂಗಿ ತೆಗೆದಿಟ್ಟ. ಅವನ ಮುಖ ನೋಡಿ, ಆ ಎತ್ತು ಹಳೆಯದೇ ಆಗಿರಲಪ್ಪಾ ಎಂದು ನನಗೂ ಅನಿಸಿತು.

ದಿನವಿಡೀ ಹಿತ್ತಿಲಲ್ಲಿ ಕೆಲಸದವರಿಗೆ ಅಡುಗೆ ಮಾಡುತ್ತಿದ್ದ ಅತ್ತೆ, ಚಹಾ ತಂದಾಗಲೇ ಅದನ್ನು ಮೊದಲ ಸಲ ನೋಡಿದಳು.

“ಅಯ್ಯ, ಇದು ನನ್ನ ಎತ್ತು.”

“ನಿಂದಾ?”

“ಮದುವಿಯಾಗಿ ಬಂದ ವರ್ಷ ಮಾಡಿದ್ದೆ. ಮಣ್ಣೆತ್ತಿನ ಅಮಾಸಿಗೆ ಚಿಮ್ಮಡದಾಗ ನಮ್ಮಪ್ಪ ಪೂಜಿಗೆ ಎತ್ತು ಮಾಡಿ ಕೊಡತಿದ್ದ. ನಿಮ್ಮದು ಅಂಗಡಿ ಮಂದಿ ಮನಿ. ಎತ್ತೂ ಇಲ್ಲ, ಮಣ್ಣೆತ್ತೂ ಇಲ್ಲ. ತವರಮನಿ ನೆನಪಾತು. ಒಂದ ಮಾಡಿ ಒಲ್ಯಾಗ ಸುಟ್ಟೆ. ಯಾರರೆ ನಕ್ಕಾರಂತ ಗೂಡಿನಾಗ ಮುಚ್ಚಿಟ್ಟೆ.”

ಮಾವ ಎತ್ತನ್ನು ತಿರುಗಿಸಿದ. ಹೊಟ್ಟೆಯ ಕೆಳಗೆ ಹೆಬ್ಬೆರಳಿನ ಗುರುತಿತ್ತು. ಅತ್ತೆಯ ಕೈ ಹಿಡಿದು ಹೆಬ್ಬೆರಳನ್ನು ಅದರೊಳಗಿಟ್ಟು ನೋಡಿದ. ರೊಟ್ಟಿ ಬಡಿದು ದಪ್ಪಗಾದ ಬೆರಳು ಅಲ್ಲಿ ಕೂರಲಿಲ್ಲ.

“ಇಷ್ಟ ಸಣ್ಣಾಕಿ ಇದ್ದೇನ ನೀ?” ಎಂದ.

ಹರಪ್ಪದ ಹೆಣ್ಣುಮಕ್ಕಳು ಎಂಥ ಬಳೆ ತೊಡುತ್ತಿದ್ದರೆಂದು ಬಲ್ಲವನಿಗೆ, ತನ್ನದೇ ಅಡುಗೆಮನೆಯಲ್ಲಿ ತವರು ನೆನೆದು ಎತ್ತು ಮಾಡಿದ ಹುಡುಗಿಯ ವಿಷಯ ಅಂದೇ ತಿಳಿದದ್ದು.

ಮಾವ ಪ್ರಾಧ್ಯಾಪಕರಿಗೆ ಫೋನ್ ಹಚ್ಚಿದ. “ನಾಳೆ ಬರಬ್ಯಾಡ್ರಿ, ಸರ್. ಅದು ನಮ್ಮ ಮನಿಯವರದು.” ಆಮೇಲೆ ಅತ್ತೆಯ ಕಡೆ ತಿರುಗಿದ. “ಪೂಜಿಗೆ ಜೋಡೆತ್ತು ಬೇಕಲ್ಲ. ಇನ್ನೊಂದ ಯಾಕ ಮಾಡಲಿಲ್ಲ?”

“ನಾ ಒಬ್ಬಾಕಿನ ಇದ್ನೆಲ್ರಿ” ಎಂದಳು ಅತ್ತೆ.

ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ ಮಾವ ಅಂಗಡಿ ಬಂದ್ ಮಾಡಿ, ಚಿಮ್ಮಡಕ್ಕೆ ಹೋಗಿ ಮಣ್ಣು ತಂದ. ಅವನು ಮಾಡಿದ ಎತ್ತು ಯಾವ ಕಡೆಯಿಂದ ನೋಡಿದರೂ ಎಮ್ಮೆ. ಅತ್ತೆ ಅದನ್ನೇ ತನ್ನ ಎತ್ತಿನ ಪಕ್ಕ ಇಟ್ಟು, ಎರಡಕ್ಕೂ ಕುಂಕುಮ ಹಚ್ಚಿದಳು.